ಕಾರ್ಡ್ ಮುಚ್ಚಬೇಡಿ ಎಂದವನು

"ಕ್ರೆಡಿಟ್ ಕಾರ್ಡ್ ಕ್ಲೋಸ್ ಮಾಡಿಸ್ಬೇಕಿತ್ತು..."

ಅವಳು ಪರ್ಸಿನಿಂದ ಕಾರ್ಡ್ ತೆಗೆದು ಮುಂದಿಟ್ಟಳು. ಮೇಜಿನಾಚೆ ತಲೆಯೆತ್ತಿದವನು ಅವನೇ! ಎರಡು ದಿನಕ್ಕೆಂದು ಊರಿಗೆ ಬಂದಿದ್ದ ಅವಳು, ಅವನು ಬೇರೆ ಶಾಖೆಗೆ ಹೋದನೆಂಬ ಗೆಳತಿಯ ಮಾತು ನಂಬಿ ಈ ಬ್ಯಾಂಕಿನ ಮೆಟ್ಟಿಲು ಹತ್ತಿದ್ದಳು.

ಅವನನ್ನು ನೋಡಿ ವರ್ಷವಾಗಿತ್ತು. ಕನ್ನಡಕ ಬಂದಿದೆ. ಯಾವ ಪುಣ್ಯಾತ್ಮನೋ ಕೂದಲು ಅಡ್ಡಾದಿಡ್ಡಿ ಕತ್ತರಿಸಿದ್ದಾನೆ. ದಿನವಿಡೀ ಕತ್ತರಿ ಹಿಡಿಯುವ ಅವಳ ಬೆರಳುಗಳು ಚಡಪಡಿಸಿದವು.

"ಕೂತ್ಕೊಳ್ಳಿ" ಎಂದ.

ಬಹುವಚನ! ಅವಳಿಗೆ ಚುರುಕ್ಕೆಂದಿತು.

ಆ ಕಾರ್ಡ್ ಮಾಡಿಸಿಕೊಟ್ಟವನೇ ಅವನು. ಪರಿಚಯವಾದದ್ದೂ ಹಾಗೆಯೇ. ಪ್ರತಿ ಬಿಲ್ ಬಂದಾಗಲೂ ಅವನ ನೆನಪಾಗಿ ಊಟ ಸೇರುತ್ತಿರಲಿಲ್ಲ. 'ಸಾಕಪ್ಪಾ... ಒಂದು ಗುರುತೂ ಬೇಡ' ಎಂದು ನಿರ್ಧರಿಸಿಯೇ ಬಂದಿದ್ದಳು. ಆದರೆ ಹೇಳಿದ್ದು ಬೇರೆ.

"ಸ್ವಂತ ಪಾರ್ಲರ್ ತೆರೀತಿದೀನಿ. ಸಾಲ ಕೇಳೋ ಮುಂಚೆ ಬೇಡದ ಕಾರ್ಡ್ ತೆಗೆದ್ರೆ ಕ್ರೆಡಿಟ್ ಸ್ಕೋರ್ ಏರತ್ತಲ್ಲ?"

"ಉಲ್ಟಾ!" ಅವನು ಪರದೆಯ ಕಡೆ ಬಾಗಿದ. "ನಿಮ್ಮ ಎರಡೂ ಕಾರ್ಡಿನ ಒಟ್ಟು ಮಿತಿಯಲ್ಲಿ ಕಾಲು ಭಾಗ ಬಳಸ್ತಿದೀರಿ. ದೊಡ್ಡ ಮಿತಿ ಇರೋದು ಇದಕ್ಕೇ. ಇದನ್ನ ಮುಚ್ಚಿದ್ರೆ ಅಷ್ಟೇ ಖರ್ಚು ಉಳಿದ ಮಿತಿಯ ಮುಕ್ಕಾಲು ಭಾಗ ಆಗಿಬಿಡತ್ತೆ. ಕೈ ಬಿಗಿಯಾಗಿದೆ ಅಂದ್ಕೊಳ್ತಾರೆ ಸಾಲ ಕೊಡೋರು. ಸ್ಕೋರ್ ಇಳಿಯತ್ತೆ. ಜೊತೆಗೆ ಇದೇ ನಿಮ್ಮ ಹಳೇ ಕಾರ್ಡ್, ಹಳೇ ಲೆಕ್ಕಕ್ಕೆ ಬೆಲೆ ಜಾಸ್ತಿ. ಬೇಡ, ಮುಚ್ಬೇಡಿ. ಸಣ್ಣಪುಟ್ಟದ್ದು ಕೊಂಡು ಪೂರ್ತಿ ಕಟ್ತಾ ಇರಿ. ಸಾಲ ಸಿಕ್ಕಮೇಲೆ ಯೋಚ್ನೆ ಮಾಡಿದ್ರಾಯ್ತು."

ಅವಳ ಕಣ್ಣು ಉರಿಯತೊಡಗಿತು.

"ಒಂದು ಕಾರ್ಡ್ ಉಳಿಸ್ಕೊಳ್ಳೋಕೆ ಇಷ್ಟು ಮಾತು! ಬೇರೆ ಊರಲ್ಲಿ ಕೆಲಸ ಸಿಕ್ಕಿದೆ, ಹೋಗ್ಲಾ ಅಂತ ನಾನು ಕೇಳಿದಾಗ ಏನಂದೆ? 'ನಿನ್ನಿಷ್ಟ'! ಅಷ್ಟೇ!"

ಹಿಂದೆ ಸರದಿಯಲ್ಲಿದ್ದ ಅಜ್ಜ ಕೆಮ್ಮಿದರು. ಅವನು ಕನ್ನಡಕ ತೆಗೆದಿಟ್ಟ.

"ಬೆಳಗ್ಗಿಂದ ಸಂಜೆವರೆಗೂ ನನ್ನ ಕೆಲಸವೇ ಅದು ಕಣೇ. ಕಾರ್ಡ್ ಮುಚ್ಚೋಕೆ ಬಂದೋರಿಗೆಲ್ಲ 'ಹೋಗ್ಬೇಡಿ, ಇನ್ನೊಮ್ಮೆ ಯೋಚ್ನೆ ಮಾಡಿ...' ಅಂತ ಹೇಳ್ಕೊಟ್ಟದ್ದನ್ನ ಗಿಣಿ ಥರ ಒಪ್ಪಿಸ್ತೀನಿ. ಮನಸ್ಸಿಲ್ಲದಿದ್ರೂ ಎಷ್ಟೋ ಜನ ಉಳ್ಕೊಳ್ತಾರೆ. ನಿನ್ನನ್ನೂ ಹಾಗೇ ಮಾತಲ್ಲಿ ಕಟ್ಟಿಹಾಕ್ಬಾರ್ದು ಅನ್ನಿಸ್ತು. ನೀನಾಗೇ ಉಳೀತೀಯ ಅಂದ್ಕೊಂಡೆ..."

'ಅಯ್ಯೋ ಪೆದ್ದಾ!' ಎಂದಿತು ಅವಳ ಮನಸ್ಸು. ಒಂದು ವರ್ಷ ದಿಂಬು ಒದ್ದೆಯಾಗಿದ್ದು ಇದಕ್ಕಾ?

"ಆ ಒಂದು ಮಾತಿಗೇ ಕಾದಿದ್ದೆ. ಬಸ್ ಹೊರಡೋವರೆಗೂ ಕಿಟಕಿ ಹಾಕ್ಲಿಲ್ಲ."

"ಗೊತ್ತು. ಟಿಕೆಟ್ ಕೌಂಟರ್ ಹಿಂದೆ ನಿಂತಿದ್ದೆ. ನೀನು ಕಣ್ಣೊರೆಸ್ಕೊಂಡಿದ್ದೂ ನೋಡ್ದೆ. ಕಾಲೇ ಏಳಲಿಲ್ಲ..."

ಅವಳ ಕೋಪವೆಲ್ಲ ಕರಗಿಹೋಯಿತು. ಅಷ್ಟು ಹತ್ತಿರವಿದ್ದನೇ! ಕೈ ಚಾಚಿದ್ದರೆ ಸಾಕಿತ್ತು ಎಂಬ ಸಂಕಟ ಮಾತ್ರ ಉಳಿಯಿತು.

"ಅಮ್ಮಾ, ಅವ್ರು ಹೇಳಿದ್ದು ಕೇಳಮ್ಮ, ಮುಚ್ಬೇಡ" ಎಂದರು ಅಜ್ಜ. "ನಂಗೂ ಹೊತ್ತಾಯ್ತು."

ಅಳುವಿನ ನಡುವೆಯೂ ಅವಳಿಗೆ ನಗು ಬಂತು. ಮೇಜಿನ ಮೇಲಿದ್ದ ಅವನ ಬೆರಳುಗಳನ್ನು ಹಿಡಿದುಕೊಂಡಳು.

"ಈಗ ಹೇಳು."

"ಇಲ್ಲೇನಾ? ಎಲ್ಲರೆದುರು?"

"ಹ್ಞೂಂ."

ದಿನಕ್ಕೆ ನೂರು ಸಲ ಸಲೀಸಾಗಿ ಹೇಳುವ ಮಾತಿಗೆ ಇಂದು ಅವನ ನಾಲಿಗೆ ತಡವರಿಸಿತು.

"ಹೋ... ಹೋಗ್ಬೇಡ."

"ಇಷ್ಟು ಕೆಟ್ಟದಾಗಿ ಹೇಳಿದ್ರೆ ಯಾರು ಉಳ್ಕೊಳ್ತಾರೆ?"

"ನೀನು...?"

"ನಾನು ಉಳ್ಕೊಳ್ತೀನಿ."