ಫೋಲಿಯೊ ನಂಬರ್ 2217

2001ರ ಜುಲೈ 27, ಶುಕ್ರವಾರ, ಬೆಳಿಗ್ಗೆ ಹತ್ತೂವರೆ. ಅಹಮದಾಬಾದಿನ ಸ್ಯಾಟಲೈಟ್ ಠಾಣೆಯಲ್ಲಿ ಗಂಡ ಹಿಂದಿಯಲ್ಲಿ ದೂರು ಹೇಳುತ್ತಿದ್ದರೆ ಹೆಂಡತಿ ಪ್ರೇಮಾ ಪಕ್ಕದಲ್ಲೇ ಕೂತು ಕನ್ನಡದಲ್ಲಿ ಬಯ್ಯುತ್ತಿದ್ದಳು.

"ಸುತ್ತಿ ಬಳಸಿ ಹೇಳಬೇಡಿ. ಪೆದ್ದನ ಥರ ಮೋಸ ಹೋದೆ ಅನ್ನಿ, ಸಾಕು."

"ಹೌದ್ರಿ, ನೇರಾನ ಹೇಳ್ರಿ," ಎಂದರು ಸಬ್ ಇನ್ಸ್‌ಪೆಕ್ಟರ್ ಶ್ರೀಪಾದ ಜೋಶಿ.

ಪ್ರೇಮಾ ನಾಲಿಗೆ ಕಚ್ಚಿಕೊಂಡಳು. ಶ್ರೀಪಾದರಿಗೆ ಇದು ಹೊಸತಲ್ಲ. ಧಾರವಾಡದಿಂದ ಬಂದ ಮೇಷ್ಟ್ರ ಮಗ ಅವರು. ಜೋಶಿ ಎಂಬ ಹೆಸರು ನೋಡಿ ಎಲ್ಲರೂ ಗುಜರಾತಿ ಎಂದೇ ತಿಳಿಯುತ್ತಿದ್ದರು.

ಗಂಡ ಉಮಾಕಾಂತ, ಸಂಶೋಧನಾ ಸಂಸ್ಥೆಯೊಂದರಲ್ಲಿ ತಂತ್ರಜ್ಞ. ವಡೋದರಾದ ದಿನಮಣಿ ಸೋಲಾರ್ ಕಂಪನಿಯ ನಾನೂರು ಷೇರು ಇಟ್ಟುಕೊಂಡಿದ್ದರು. ಜುಲೈ 4ರಂದು ಕಂಪನಿಯ ಹೆಸರಿನಲ್ಲಿ ಪತ್ರ ಬಂತು: ಹೊಸ ಲಾಭಾಂಶ ನೀತಿಯಂತೆ ಇನ್ನು ಹತ್ತು ವರ್ಷ ಷೇರುದಾರರಿಗೆ ಡಿವಿಡೆಂಡ್ ಇಲ್ಲ, ಲಾಭವೆಲ್ಲ ಕಾರ್ಖಾನೆಗೇ. ಐದು ದಿನಕ್ಕೆ ಉಮಾಕಾಂತ ಎಲ್ಲವನ್ನೂ ಸಿಕ್ಕ ಬೆಲೆಗೆ ಮಾರಿಬಿಟ್ಟರು. 20ಕ್ಕೆ ಕಂಪನಿ ತನ್ನ ಮೊಟ್ಟಮೊದಲ ಡಿವಿಡೆಂಡ್ ಘೋಷಿಸಿತು. ಷೇರಿನ ಬೆಲೆ ಇಮ್ಮಡಿಯಾಯಿತು.

"ನನ್ನ ಎರಡು ಚಿನ್ನದ ಬಳೆ ಮಾರಿ ಕೊಂಡಿದ್ದು ಸಾರ್," ಎಂದಳು ಪ್ರೇಮಾ. ಕೈಯಲ್ಲಿ ಗಾಜಿನ ಬಳೆಗಳಿದ್ದವು. "ಮೊದಲ ಡಿವಿಡೆಂಡಲ್ಲಿ ವಾಪಸ್ ಮಾಡಿಸ್ತೀನಿ ಅಂದಿದ್ರು. ಮೂರು ವರ್ಷ ಕಾದೆ."

"ಮಾರೋಕ್ಕಿಂತ ಮೊದಲು ಯಾರನ್ನರ ಕೇಳಿದ್ರೇನು?"

"ಸೂರತ್‌ನಲ್ಲಿರೋ ಪಟ್ಟಾಭಿರಾಮನಿಗೆ ಫೋನ್ ಮಾಡಿದೆ. ಹದಿನೈದು ವರ್ಷದ ಸ್ನೇಹ ಸಾರ್, ಇಲ್ಲೇ ಪಕ್ಕದ ಮನೇಲಿದ್ದ. ಷೇರು ನಂಗೆ ಮಾರಿದ್ದೂ ಅವನೇ. ಕೈ ತೊಳ್ಕೋ ಮಾರಾಯ ಅಂದ."

ವಂಚನೆ, ಖೋಟಾ ಪತ್ರ ಎಂದು ಐಪಿಸಿ 420, 468, 471ರಡಿ ಎಫ್‌ಐಆರ್ ದಾಖಲಾಯಿತು. ಲಕೋಟೆಯ ಮೇಲೆ ವಡೋದರಾ ರೈಲು ನಿಲ್ದಾಣದ ಅಂಚೆ ಮುದ್ರೆ, ಜುಲೈ 2ರ ತಾರೀಖು ಇತ್ತು.

ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಶ್ರೀಪಾದ ಮತ್ತು ಹೆಡ್ ಕಾನ್‌ಸ್ಟೇಬಲ್ ಸೋಲಂಕಿ ವಡೋದರಾದ ಕಂಪನಿ ಕಚೇರಿಯಲ್ಲಿದ್ದರು. ಷೇರು ವಿಭಾಗದ ಶಕುಂತಲಾ ಬೆನ್ ಕನ್ನಡಕ ಏರಿಸಿ ಪತ್ರ ನೋಡಿದರು.

"ತಲೆಬರಹ ನಮ್ಮದೇ. ಆದರೆ ಹಳೆಯದು, ಈ ಚಿಹ್ನೆ ಬಿಟ್ಟು ಎರಡು ವರ್ಷವಾಯಿತು. ಯಾರೋ ಹಳೆಯ ಪತ್ರದ ಮೇಲೆ ಬೇರೆ ಕಾಗದ ಅಂಟಿಸಿ ಜೆರಾಕ್ಸ್ ತೆಗೆದಿದ್ದಾರೆ."

"ಮೂಲೆಯಲ್ಲಿರೋ ಈ ನಂಬರ್?"

"ಫೋಲಿಯೊ ನಂಬರ್. ಪ್ರತಿ ಷೇರುದಾರನಿಗೂ ಒಂದೊಂದು ಖಾತೆ. ಆದರೆ ಉಮಾಕಾಂತ್‌ಭಾಯಿಯದು 3806." ಆಕೆ ದಪ್ಪ ರಿಜಿಸ್ಟರ್ ತಿರುವಿದರು. "ಈ 2217 ಮೂರು ವರ್ಷದ ಹಿಂದೆ ಷೇರು ವರ್ಗಾವಣೆಯಾದಾಗ ರದ್ದಾಯಿತು. ಹೆಸರು... ಪಟ್ಟಾಭಿರಾಮ. ಬಾಯಲ್ಲಿ ಹೇಳೋಕೇ ಬರಲ್ಲ ಸಾಹೇಬ್."

"ಉಮಾಕಾಂತ್ ಈಗ ಮಾರಿದ ಷೇರು ಅವನೇ ಅಗ್ಗಕ್ಕೆ ಕೊಂಡುಕೊಂಡಿರ್ತಾನೆ," ಎಂದ ಸೋಲಂಕಿ.

ಶಕುಂತಲಾ ಬೆನ್ ಹೊಸ ಪಟ್ಟಿ ತೆಗೆದು ನೋಡಿದರು. ಉಮಾಕಾಂತರ ಷೇರು ಹೋಗಿದ್ದು ರಾಜ್‌ಕೋಟ್‌ನ ವ್ಯಾಪಾರಿಗೆ. ಪಟ್ಟಾಭಿರಾಮ ಒಂದು ಷೇರನ್ನೂ ಕೊಂಡಿರಲಿಲ್ಲ.

"ಮತ್ತೆ ಯಾಕೆ ಮಾಡಿದ ಸಾಹೇಬ್?" ಎಂದ ಸೋಲಂಕಿ.

ಶ್ರೀಪಾದರಿಗೂ ಅದೇ ತಲೆ ಕೊರೆಯುತ್ತಿತ್ತು.

ಭಾನುವಾರ ಬೆಳಿಗ್ಗೆ 9.20ಕ್ಕೆ, ಸೂರತ್‌ನ ಅಡಾಜಣ್ ಬಡಾವಣೆಯಲ್ಲಿ ಮೂರನೇ ಮಹಡಿಯ ಫ್ಲಾಟ್. ಬನಿಯನ್‌ನಲ್ಲಿ ಪೇಪರ್ ಓದುತ್ತಿದ್ದ ಪಟ್ಟಾಭಿರಾಮ ಸಮವಸ್ತ್ರ ಕಂಡು ಎದ್ದುನಿಂತ.

"ಜುಲೈ ಎರಡಕ್ಕೆ ಎಲ್ಲಿದ್ರಿ?"

"ಆಫೀಸಿನಲ್ಲಿ."

"ರಜಾ ಹಾಕೀರಂತ ನಿಮ್ಮ ಆಫೀಸ್ನವ್ರು ಫೋನ್‌ನಾಗ ಹೇಳಿದ್ರು."

"ವಡೋದರಾಕ್ಕೆ ಹೋಗಿದ್ದೆ. ಕೆಲಸ ಇತ್ತು."

"ಏನು ಕೆಲಸ?"

ಪಟ್ಟಾಭಿರಾಮ ಪೇಪರ್ ಮಡಿಸತೊಡಗಿದ. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಪದ್ಮಾ ಬಾಯಿಬಿಟ್ಟಳು. "ಮೂರು ವರ್ಷದಿಂದ ಪೇಪರ್ ಬಂದ ಕೂಡ್ಲೇ ಆ ಒಂದು ಕಂಪನಿ ಸಾಲು ಹುಡುಕ್ತಾರೆ. ಏರಿದ್ರೆ ತಿಂಡಿ ಬೇಡ, ಇಳಿದ್ರೆ ಇನ್ನೆರಡು ದೋಸೆ. ಮಾರಿದ್ದು ನೀವೇ ತಾನೆ ಅಂದ್ರೆ ನನ್ನ ಮೇಲೇ ಹಾರ್ತಾರೆ."

ನೆರೆಯ ಇಬ್ಬರು ಪಂಚರ ಸಮಕ್ಷಮ ಬೀರು ತೆರೆಯಲಾಯಿತು. ಮೂಲೆಯಲ್ಲಿ 2217 ಎಂದಿದ್ದ ಕಂಪನಿಯ 1997ರ ಪತ್ರವೊಂದು ಸಿಕ್ಕಿತು. ತಲೆಬರಹದ ಕೆಳಗೆ ಬಿಳಿ ಕಾಗದ ಅಂಟಿಸಿದ್ದ ಗೋಂದಿನ ಗುರುತು ಇನ್ನೂ ಇತ್ತು. ಪಂಚನಾಮೆ ಮುಗಿದಾಗ 11.05. ದಸ್ತಗಿರಿ 11.15ಕ್ಕೆ.

ಅಹಮದಾಬಾದಿಗೆ ಹೊರಟ ಜೀಪು ಭರೂಚ್ ದಾಟಿತು. ಪಟ್ಟಾಭಿರಾಮ ತಾನಾಗಿಯೇ ಶುರುಮಾಡಿದ.

"ಬರೀ ಬಿಸಿಲು ಮಾರೋ ಕಂಪನಿ, ಒಂದು ಪೈಸೆ ಡಿವಿಡೆಂಡ್ ಕೊಡಲ್ಲ ಅಂತ ಮಾರಿದೆ ಸಾರ್, ಆಮೇಲೆ ಬೆಲೆ ಏರಿತು. ಉಮಾಕಾಂತ ಕನ್ನಡ ಸಂಘದ ಯುಗಾದಿ ಊಟದಲ್ಲಿ ಎಲ್ಲರೆದುರಿಗೆ ನನ್ನ ಹೆಗಲ ಮೇಲೆ ಕೈ ಹಾಕಿ, 'ನನ್ನ ಲಕ್ಷ್ಮಿ ಇವನು ಕೊಟ್ಟಿದ್ದು' ಅಂದ. ಎಲ್ಲರೂ ನಕ್ಕರು. ಕೈಯಲ್ಲಿದ್ದ ಹೋಳಿಗೆ ಹಾಗೇ ಎಲೆಗಿಟ್ಟೆ. ಈ ಸಲ ಡಿವಿಡೆಂಡ್ ಬರಬಹುದು ಅಂತ ಜೂನ್‌ನಲ್ಲಿ ಪೇಪರ್‌ನಲ್ಲಿ ಓದಿದೆ. ನನಗೆ ಬೇಡ ಸಾರ್. ಅವನಿಗೆ ಬರಬಾರದು, ಅಷ್ಟೇ."

"ಪತ್ರ ಬಂದ ದಿನ ಅವ್ರು ಕೇಳಿದ್ದು ನಿಮ್ಮನ್ನಽ."

"ಹೂಂ." ಕಿಟಕಿಯಾಚೆ ನೋಡಿದ. "ಆವತ್ತು ಅವನ ದನಿ ಅಳು ಬರೋ ಹಾಗಿತ್ತು. ಹೇಳಿಬಿಡೋಣ ಅನ್ನಿಸಿತು. ಫೋನ್ ಇಟ್ಟು ಚೆನ್ನಾಗಿ ನಿದ್ದೆ ಮಾಡಿದೆ."

"ಎಲ್ಲಾ ಬರೋಬ್ಬರಿ ಅಂಟಿಸಿದ್ರಿ. ನಂಬರ್ ಬದಲಿ ಮಾಡೂದೊಂದು ಯಾಕ ಮರೆತ್ರಿ?"

"ಮರೀಲಿಲ್ಲ ಸಾರ್. ಕಳಿಸೋ ಮುಂಚೆ ನಾಲ್ಕು ಸಲ ಓದಿದೆ. 2217." ಪಟ್ಟಾಭಿರಾಮ ತನ್ನ ಬೆರಳುಗಳನ್ನೇ ನೋಡಿಕೊಂಡ. "ಆ ಷೇರಿನ ನಂಬರ್ ಅದೇ ಅಲ್ವಾ? ತಪ್ಪು ಅಂತ ಅನ್ನಿಸಲೇ ಇಲ್ಲ."

ಸಂಜೆ ಠಾಣೆಯಲ್ಲಿ ಕೂತು ಶ್ರೀಪಾದ ವರದಿ ಬರೆದರು. ಆರೋಪಿಗೆ ಆದ ಲಾಭ ಎಂಬಲ್ಲಿ 'ಇಲ್ಲ' ಎಂದು ತುಂಬಿದರು. ಉದ್ದೇಶ ಎಂಬ ಸಾಲಿಗೆ ಬಂದರು. ಅಲ್ಲಿ ಬರೆದರು: ಆರೋಪಿ ಷೇರು ಮಾರಿ ಮೂರು ವರ್ಷವಾಗಿದ್ದರೂ ಅದನ್ನು ಬಿಟ್ಟುಕೊಟ್ಟಿರಲಿಲ್ಲ.