ಅಜ್ಜಿಯ ಗಲ್ಲದ ಗೆರೆ

ಗೋಡೆಯ ಮೂರನೇ ತೂತಿನಿಂದ ಒಂದು ಕೈ ಹೊರಬಂತು. ಕೈಯಲ್ಲೊಂದು ತಟ್ಟೆ. ತಟ್ಟೆಯಲ್ಲಿ ಆರು ಮೆಣಸಿನಕಾಯಿ ಬಜ್ಜಿ.

"ಹೆಂಗೂ ಗೋಡೆ ಒಡ್ದಿದ್ದೀರ. ಬಿಸಿ ಇರುವಾಗ್ಲೇ ತಿನ್ನಿ," ಎಂದಿತು ತೂತು.

ಮಾತಾಡಿದ್ದು ತೂತಲ್ಲ, ಪಕ್ಕದ ಮನೆಯ ಪುಷ್ಪಾ ಆಂಟಿ. ಪಿರಿಯಾಪಟ್ಟಣದ ಆ ಹಳೆಯ ಬೀದಿಯಲ್ಲಿ ಎರಡು ಮನೆಗೆ ಒಂದೇ ಗೋಡೆ. ಗಾರೆ ಕೆಲಸದ ವಿರೂಪಾಕ್ಷ ಉಳಿಯ ಮೇಲೆ ಒಂದೇಟು ಜೋರಾಗಿ ಹಾಕಿದ್ದ. ಗೋಡೆಯ ಮಣ್ಣು ಅತ್ತ ಕಡೆ ಬಿದ್ದು, ಆಂಟಿಯ ಬಜ್ಜಿ ಹಿಟ್ಟು ಕೂದಲೆಳೆಯಲ್ಲಿ ಉಳಿದಿತ್ತು.

ರೂಪಶ್ರೀ ತುದಿಗಾಲಲ್ಲಿ ನಿಂತು ತಟ್ಟೆ ಇಸಿದುಕೊಂಡಳು. ಅವಳು ಮೂರನೇ ಕ್ಲಾಸು. ಕ್ಲಾಸಿಗೆಲ್ಲ ಗಿಡ್ಡ, ಹಾಗಾಗಿ ಪ್ರೇಯರ್ ಸಾಲಿನಲ್ಲಿ ಯಾವಾಗಲೂ ಮೊದಲು.

ಇಷ್ಟೆಲ್ಲ ಆಗಿದ್ದು ಅಪ್ಪನಿಂದ. ಮನೆಯನ್ನು ಮೊದಲಿದ್ದ ಹಾಗೆಯೇ ಮಾಡಬೇಕು ಎಂದು ಅಪ್ಪ ಹೊರಟಿದ್ದ. ಮರದ ಕಂಬಗಳ ಮೇಲಿದ್ದ ಹಸಿರು ಪೇಂಟನ್ನು ಒಂದು ವಾರ ಉಜ್ಜಿದ. ಕಂಬ ಕಂದು ಬಣ್ಣಕ್ಕೆ ಬಂತು, ಅಪ್ಪನ ಮೀಸೆ ಹಸಿರು ಬಣ್ಣಕ್ಕೆ ಹೋಯಿತು.

ಆಗ ಅಜ್ಜಿಗೆ ಗೂಡು ನೆನಪಾಯಿತು. ಪುಟ್ಟಮಲ್ಲಮ್ಮಜ್ಜಿ ಹುಟ್ಟಿ ಬೆಳೆದದ್ದು ಇದೇ ಮನೆಯಲ್ಲಿ. ನಡುಮನೆಯ ಗೋಡೆಯಲ್ಲಿ ದೀಪ ಇಡುವ ಪುಟ್ಟ ಗೂಡು ಇತ್ತಂತೆ. ಅಜ್ಜಿಯ ಅಕ್ಕನ ಮದುವೆಗೆ ಗೋಡೆಗೆ ಸಿಮೆಂಟ್ ಬಳಿಸುವಾಗ ಅದನ್ನು ಮುಚ್ಚಿಬಿಟ್ಟರಂತೆ. ಎಲ್ಲಿತ್ತು ಎಂದು ಅಪ್ಪ ಕೇಳಿದ್ದಕ್ಕೆ ಅಜ್ಜಿ ತಡವರಿಸಲಿಲ್ಲ.

"ಅಡುಗೆಮನೆ ಬಾಗ್ಲಿಂದ ನಾಕ್ ಹೆಜ್ಜೆ. ಅದರ ಅಂಚಿಗೆ ಗಲ್ಲ ಊರ್ಕೊಂಡು ದೀಪ ನೋಡ್ತಿದ್ದೆ ಕಣೋ."

ಅಪ್ಪ ಅಜ್ಜಿಯನ್ನು ನಾಲ್ಕು ಹೆಜ್ಜೆ ನಡೆಸಿ, ಗೋಡೆಗೆ ನಿಲ್ಲಿಸಿ, ಗಲ್ಲದ ಎತ್ತರಕ್ಕೆ ಪೆನ್ಸಿಲಿನಲ್ಲಿ ಉದ್ದ ಗೆರೆ ಎಳೆದ. ಗೆರೆಯ ಮೇಲೆ ಮೊದಲ ತೂತು ಹೊಡೆದರು. ಬರೀ ಮಣ್ಣು. ಒಂದು ಹೆಜ್ಜೆ ಮುಂದೆ ಎರಡನೆಯದು. ಇರುವೆಗಳು ಸಿಟ್ಟಿನಿಂದ ಹೊರಬಂದವು. ಇನ್ನೂ ಮುಂದೆ ಮೂರನೆಯದು. ಬಜ್ಜಿ ಬಂತು.

ಗೋಡೆ ತಟ್ಟಿ ನೋಡಿದ್ದೂ ಆಗಿತ್ತು. ಹಳೆಯ ಗೋಡೆ, ಎಲ್ಲಿ ತಟ್ಟಿದರೂ ಡಬ್ ಡಬ್ ಎನ್ನುತ್ತಿತ್ತು. ಕಿವಿಕೊಟ್ಟು ಕೇಳಿ ಕೇಳಿ ಅಪ್ಪನ ಒಂದು ಕಿವಿಗೆ ಪೂರ್ತಿ ಸುಣ್ಣ ಹತ್ತಿತ್ತು. ಸಿಮೆಂಟನ್ನೆಲ್ಲ ಕಿತ್ತರೆ ಮಣ್ಣಿನ ಗೋಡೆಯೂ ಜೊತೆಗೇ ಬರುತ್ತದೆ ಎಂದು ವಿರೂಪಾಕ್ಷ ಹೆದರಿಸಿದ್ದ.

"ಇನ್ನೊಂದ್ ತೂತ ಹೊಡುದ್ರೆ ಇದು ಗೋಡೆ ಅಲ್ಲ ಸೋಮಣ್ಣ, ಇಡ್ಲಿ ತಟ್ಟೆ ಆಯ್ತದೆ," ಎಂದು ಈಗ ಅವನು ಅಪ್ಪನಿಗೆ ಹೇಳಿ ಸುತ್ತಿಗೆ ಕೆಳಗಿಟ್ಟ. ಐದೂವರೆಗೆ ಅವನಿಗೆ ಕಂಪಲಾಪುರದ ಬಸ್ಸು. ಅಷ್ಟರೊಳಗೆ ತೂತುಗಳನ್ನು ಮುಚ್ಚಿಬಿಡುತ್ತೇನೆ ಎಂದು ಗಾರೆ ಕಲಸಲು ಕೂತ.

ಅಪ್ಪ ಅಮ್ಮನ ಕಡೆ ತಿರುಗಿ ದನಿ ತಗ್ಗಿಸಿದ. ತಗ್ಗಿಸಿದರೂ ಎಲ್ಲರಿಗೂ ಕೇಳಿಸಿತು.

"ಅವ್ವುಂಗೆ ಮರೆವು ಶುರುವಾಗದೆ ಕಣೆ. ಮಗೀನ ಕರ್ಕೊಂಡು ಒಬ್ಳೇ ಸರಗೂರ್ಗೆ ಹೋಗೋದು ಬ್ಯಾಡ."

ರೂಪಶ್ರೀಯ ಬಾಯಲ್ಲಿದ್ದ ಬಜ್ಜಿ ಅಲ್ಲೇ ನಿಂತಿತು. ದಸರಾ ರಜೆಗೆ ಸರಗೂರಿನ ಅತ್ತೆ ಮನೆಗೆ ಅಜ್ಜಿಯ ಜೊತೆ ಹೋಗುವುದೆಂದು ಯಾವಾಗಲೋ ನಿಶ್ಚಯವಾಗಿತ್ತು. ಬಸ್ಸಿನಲ್ಲಿ ಕಿಟಕಿ ಸೀಟು ಯಾರಿಗೆ ಎಂಬ ಜಗಳವೂ ಮುಗಿದಿತ್ತು.

ಅಜ್ಜಿ ಎದ್ದು ಹೋಗಿ ಜಗಲಿಯ ಮೇಲೆ ಕೂತಳು. ಬೀದಿಯಲ್ಲೇ ಎತ್ತರದ ಹೆಂಗಸು ಅವಳು. ಆದರೆ ಕಾಲು ಮಡಚಿ ಕೂತಾಗ ಅಷ್ಟು ಉದ್ದ ಕಾಣಲಿಲ್ಲ. ರೂಪಶ್ರೀ ಬಜ್ಜಿ ಚಾಚಿದರೆ ಬೇಡವೆಂದು ತಲೆಯಾಡಿಸಿದಳು. ಅಜ್ಜಿ ಬಜ್ಜಿ ಬೇಡವೆಂದಿದ್ದನ್ನು ರೂಪಶ್ರೀ ಇದುವರೆಗೆ ನೋಡಿರಲಿಲ್ಲ. ಅವಳು ತಟ್ಟೆ ಹಿಡಿದೇ ಪಕ್ಕದಲ್ಲಿ ಕೂತಳು.

"ಹುಣಸೂರಲ್ಲಿ ಇಳ್ದು ಕೋಟೆ ಬಸ್ಸು, ಹ್ಯಾಂಡ್‌ಪೋಸ್ಟಲ್ಲಿ ಇಳ್ದು ಸರಗೂರ್ ಬಸ್ಸು," ಎಂದು ಅಜ್ಜಿ ತನಗೆ ತಾನೇ ಹೇಳಿಕೊಂಡಳು. ಆಮೇಲೆ ಇವಳನ್ನು ಕೇಳಿದಳು, "ಸರಿಯಾಗೇ ಹೇಳಿದ್ನಾ?"

"ಸರಿ ಇದೆ ಅಜ್ಜಿ."

"ಆ ಗೂಡಲ್ಲಿ ನನ್ ಸ್ಲೇಟೂ ಇಡ್ತಿದ್ದೆ ಕಣೆ. ಸುಳ್ಳಲ್ಲ."

"ಸ್ಲೇಟಾ? ಎಷ್ಟನೇ ಕ್ಲಾಸು ಆಗ?"

"ಮೂರು. ಅದನ್ನ ಮುಚ್ಚಿದ ವರ್ಸವೂ ಮೂರ್ನೇ ಕ್ಲಾಸೇ."

ರೂಪಶ್ರೀ ಅಜ್ಜಿಯ ಉದ್ದನೆಯ ಪಾದಗಳನ್ನು ನೋಡಿದಳು. ತನ್ನ ಪಾದ ನೋಡಿಕೊಂಡಳು.

"ಅಜ್ಜಿ, ನೀನು ಮೂರನೇ ಕ್ಲಾಸಲ್ಲೂ ಇಷ್ಟೇ ಉದ್ದ ಇದ್ಯಾ?"

"ಅಯ್ಯೋ, ಎಲ್ಲಿ ಬಂತು. ಗಿಡ್ಡಿ ಅಂತ ಕರೀತಿದ್ರು. ಸಾಲಲ್ಲಿ ನಾನೇ ಮೊದ್ಲು."

ರೂಪಶ್ರೀ ತಟ್ಟೆಯನ್ನು ಅಜ್ಜಿಯ ತೊಡೆಯ ಮೇಲಿಟ್ಟು ಒಳಗೆ ಓಡಿದಳು. ವಿರೂಪಾಕ್ಷ ಮೊದಲ ತೂತಿಗೆ ಗಾರೆ ತುಂಬುತ್ತಿದ್ದ. ಅವಳು ಅಡುಗೆಮನೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತು ನಾಲ್ಕು ಹೆಜ್ಜೆ ಎಣಿಸಿದಳು. ಅಪ್ಪನ ಗೆರೆ ಅವಳ ತಲೆಗಿಂತಲೂ ಮೇಲಿತ್ತು. ಮೊದಲ ತೂತು ಇನ್ನೂ ಎರಡು ಹೆಜ್ಜೆ ಆಚೆಗಿತ್ತು. ಅವಳು ಗೋಡೆಗೆ ಗಲ್ಲ ಒತ್ತಿ ನಿಂತಳು.

ಏನು ಮಾಡುತ್ತಿದ್ದೀಯ ಎಂದು ಅಪ್ಪ ಗದರಿದ. ಗಲ್ಲ ಎತ್ತಿದರೆ ಅಳತೆ ತಪ್ಪುತ್ತದೆಂದು ಅವಳು ಗೋಡೆಗೇ ಉತ್ತರ ಕೊಟ್ಟಳು.

"ಇಲ್ಲಿ ಹೊಡೀರಿ. ಅಜ್ಜಿ ಆವಾಗ ನನ್ನಷ್ಟೇ ಉದ್ದ ಇದ್ಲು."

ಅಪ್ಪ ಗೆರೆ ನೋಡಿದ. ಮಗಳ ತಲೆ ನೋಡಿದ. ಬಾಗಿಲಿನಿಂದ ಅವಳವರೆಗೆ ನೆಲ ನೋಡಿದ. ಆಮೇಲೆ ಹಸಿರು ಮೀಸೆಯ ಮೇಲೆ ಕೈಯಾಡಿಸಿಕೊಂಡು ವಿರೂಪಾಕ್ಷನ ಮುಖ ನೋಡಿದ. ಬಸ್ಸು ತಪ್ಪಿದರೆ ನೀವೇ ಬೈಕಿನಲ್ಲಿ ಬಿಡಬೇಕು ಎಂದು ಷರತ್ತು ಹಾಕಿ ಅವನು ಉಳಿ ಎತ್ತಿಕೊಂಡ. ಗಲ್ಲ ಇದ್ದ ಜಾಗದಿಂದ ನಾಲ್ಕು ಬೆರಳು ಮೇಲೆ ಮೆಲ್ಲಗೆ ಹೊಡೆದ. ಒಂದು, ಎರಡು, ಮೂರು.

ನಾಲ್ಕನೇ ಏಟಿಗೆ ಸಿಮೆಂಟಿನ ಚೂರೊಂದು ಒಳಕ್ಕೆ ಬಿತ್ತು. ಒಳಗೆ ಕತ್ತಲೆ.

"ಏನಾಯ್ತು? ನಮ್ ಕಡೆ ಏನೂ ಬರ್ಲಿಲ್ಲ," ಎಂದರು ಪುಷ್ಪಾ ಆಂಟಿ ಮೂರನೇ ತೂತಿನಿಂದ.

ಸುತ್ತ ಕೆತ್ತಿದಂತೆ ಕಮಾನಿನ ಆಕಾರ ಕಾಣಿಸಿತು. ಒಂದು ಗೇಣಿನ ಗೂಡು. ಮೇಲುಗಡೆ ಹಳೆಯ ದೀಪದ ಮಸಿ ಹಾಗೇ ಇತ್ತು. ಒಳಗೆ ಸ್ಲೇಟೂ ಇಲ್ಲ, ಏನೂ ಇಲ್ಲ. ಒಂದು ಹಿಡಿ ಧೂಳು, ಅಷ್ಟೇ.

ಅಜ್ಜಿ ಬಂದು ನಿಂತಿದ್ದನ್ನು ಯಾರೂ ನೋಡಿರಲಿಲ್ಲ. ಅವಳ ಕೈಯಲ್ಲಿ ಅರ್ಧ ತಿಂದ ಬಜ್ಜಿ.

ಅಪ್ಪ ಸ್ವಲ್ಪ ಹೊತ್ತು ಕೆಮ್ಮಿದ. "ಅವ್ವ, ಹ್ಯಾಂಡ್‌ಪೋಸ್ಟಲ್ಲಿ ಬಸ್ಸು ಲೇಟಾದ್ರೆ ಫೋನ್ ಮಾಡು," ಎಂದ.

"ಮಾಡ್ತೀನಿ ಬುಡು. ಮೊದ್ಲು ನೀನು ಕಿವಿ ತೊಳ್ಕೊ," ಎಂದಳು ಅಜ್ಜಿ.

ಗೂಡಿನ ಅಂಚಿಗೆ ಗಲ್ಲ ಊರಲು ಅವಳು ಬಗ್ಗಿದಳು. ಸೊಂಟ ಒಪ್ಪಲಿಲ್ಲ. ಅಪ್ಪ ಗಿಡ್ಡ ಸ್ಟೂಲು ತಂದಿಟ್ಟ. ಕೂತಾಗ ಗಲ್ಲ ಅಂಚಿಗೆ ಸರಿಯಾಗಿ ಬಂತು. ಪಕ್ಕದಲ್ಲಿ ಆಗಲೇ ರೂಪಶ್ರೀಯ ಗಲ್ಲ ಇತ್ತು. ಇಬ್ಬರ ಮೂಗೂ ಒಂದೇ ಎತ್ತರದಲ್ಲಿತ್ತು.

ಅಜ್ಜಿ ಒಳಗಿನ ಕತ್ತಲೆಯನ್ನೇ ನೋಡುತ್ತಾ, "ಅಕ್ಕ ನನ್ ಬಳಪ ಎಲ್ಲಾ ಕದ್ದುಬುಡೋಳು," ಎಂದಳು. ದೂರು ಹೇಳುವ ದನಿ.

ರೂಪಶ್ರೀಗೆ ಆ ದನಿ ಚೆನ್ನಾಗಿ ಗೊತ್ತಿತ್ತು. ಅವಳು ಕ್ಲಾಸಿನ ಬೆಂಚಿನಲ್ಲಿ ತಡವಾಗಿ ಬಂದವಳಿಗೆ ಸರಿಯುವ ಹಾಗೆ, ಒಂದಿಷ್ಟು ಸರಿದು ಜಾಗ ಬಿಟ್ಟಳು.