ತೊಟ್ಟಿಯಲ್ಲಿ ಧ್ರುವದ ಕಡಲು

ಚಿಟಿಕೆಯಷ್ಟು ಬೂದು ಕೆಸರನ್ನು ಯಂತ್ರದ ಬಾಯಿಗೆ ಹಾಕಿದ ಸ್ವಲ್ಪ ಹೊತ್ತಿಗೆ ಪಕ್ಕದ ಗಾಜಿನ ತೊಟ್ಟಿಯ ನೀರು ತಣ್ಣಗಾಗತೊಡಗಿತು. ಅದು 2066ನೆಯ ಇಸವಿ. ಮಂಗಳೂರಿನ ಒಂದು ವಿಜ್ಞಾನ ಕೇಂದ್ರದಲ್ಲಿ ಶಾಲೆಯ ಮಕ್ಕಳು ಸಾಲಾಗಿ ನಿಂತಿದ್ದರು.

"ಇದು ಉತ್ತರ ಧ್ರುವದ ಕಡಲ ತಳದ ಕೆಸರು," ಎಂದರು ಯಂತ್ರವನ್ನು ರೂಪಿಸಿದ ಡಾ. ಸುಗುಣಾ ಬಂಗೇರ. "ಇದರಲ್ಲಿ ಮರಳಿನ ಕಣದಷ್ಟು ಸಣ್ಣ ಜೀವಿಗಳ ಚಿಪ್ಪುಗಳುಂಟು. ನೀರು ಬೆಚ್ಚಗಿದ್ದಷ್ಟೂ ಚಿಪ್ಪಿಗೆ ಮೆಗ್ನೀಶಿಯಂ ಹೆಚ್ಚು ಸೇರುತ್ತದೆ. ಯಂತ್ರ ಅದನ್ನು ಅಳೆದು, ಆ ಜೀವಿ ಬದುಕಿದ್ದಾಗ ಕಡಲು ಎಷ್ಟು ತಣ್ಣಗಿತ್ತೋ ಅಷ್ಟೇ ತಣ್ಣಗೆ ಈ ನೀರನ್ನು ಮಾಡುತ್ತದೆ."

ಮೊದಲಿನದು ನಾನೂರು ವರ್ಷ ಹಿಂದಿನ ಕಡಲು. ಮೂರನೇ ತರಗತಿಯ ರಿಫಾ ಕೈ ಅದ್ದಿದವಳೇ ಚೀರಿದಳು. "ಅಯ್ಯೋ, ಕಚ್ತದೆ!"

"ಎಂತ ಮಾರಾಯ್ತಿ, ಕಚ್ಲಿಕ್ಕೆ ಅದರಲ್ಲಿ ಮೀನುಂಟಾ?" ಎನ್ನುತ್ತ ಸಹಾಯಕಿ ಲಿಲ್ಲಿ ಬಾಯಿ ಅವಳ ಬೆರಳುಗಳನ್ನು ಟವೆಲಿನಲ್ಲಿ ಸುತ್ತಿದರು. ಯಾರೂ ಹೇಳದಿದ್ದರೂ ಅವರು ಬೆಳಗ್ಗೆಯೇ ಟವೆಲುಗಳನ್ನು ಕಿಟಕಿಯ ಬಿಸಿಲಿಗೆ ಹರವಿಟ್ಟಿದ್ದರು.

ಒಂದೊಂದೇ ಕಾಲದ ಕೆಸರು ಮುಗಿದು ಕೊನೆಯ ಚಿಟಿಕೆ ಬಿತ್ತು. ರಿಫಾ ಹೆದರುತ್ತಲೇ ಮತ್ತೆ ಕೈ ಹಾಕಿದಳು. ಈ ಸಲ ಫ್ರಿಜ್ಜಿನ ನೀರಿನಷ್ಟೇ ತಂಪು. ಕೈಯನ್ನು ಅಲ್ಲೇ ಬಿಟ್ಟು ನಕ್ಕಳು.

"ನನ್ನ ಕೈ ನೋಯ್ತದೆ ಅಂತ ಬೆಚ್ಚಗೆ ಮಾಡಿದ್ದಲ್ವಾ ಮೇಡಂ? ಥ್ಯಾಂಕ್ಸ್."

ಸುಗುಣಾರ ಮುಖ ಬಿಸಿಯಾಯಿತು. ಮಕ್ಕಳನ್ನು ಹೆದರಿಸಬೇಡಿ ಎಂದು ಮುಖ್ಯೋಪಾಧ್ಯಾಯಿನಿ ಮೊದಲೇ ಕೇಳಿಕೊಂಡಿದ್ದರು. ಈಗಲೂ ಬಾಗಿಲ ಬಳಿಯಿಂದ ನೋಡುತ್ತಿದ್ದರು. ಹೌದು ಎಂದರೆ ಮುಗಿಯುತ್ತಿತ್ತು. ಮಗು ಆ ಥ್ಯಾಂಕ್ಸನ್ನು ಸುಗುಣಾರಿಗೇ ಬಿಟ್ಟು ಮನೆಗೆ ಹೋಗುತ್ತಿತ್ತು.

"ಅಲ್ಲ ಮಗಾ. ಕಡಲೇ ಹೀಗಿತ್ತು. ನಾನು ಕಾಲೇಜಿಗೆ ಹೋಗ್ತಿದ್ದಾಗಿನ ನೀರು ಇದು, ಎರಡು ಸಾವಿರದ ಇಪ್ಪತ್ತರ ದಶಕದ್ದು."

"ಮತ್ತೆ ಬೆಚ್ಚಗೆ ಮಾಡಿದ್ದು ಯಾರು?"

"ನಾವೇ. ಆದರೆ ನಿನಗೋಸ್ಕರ ಅಲ್ಲ."

ರಿಫಾ ಸ್ವಲ್ಪ ಯೋಚಿಸಿದಳು. "ಗೊತ್ತಿಲ್ಲದೆ ಮಾಡಿದ್ದಲ್ವಾ?" ಎಂದಳು. ಆ ದನಿಯಲ್ಲಿ ಕ್ಷಮಿಸಿಬಿಡುವ ಆತುರವಿತ್ತು.

"ಗೊತ್ತಿತ್ತು ಮಗಾ."

ಮಗು ಕೈ ಒರೆಸಿಕೊಂಡು, ಟವೆಲಿನ ಒಣಗಿದ ತುದಿಯನ್ನು ಹುಡುಕಿ ಸುಗುಣಾರ ಕಡೆಗೆ ಚಾಚಿತು. ಅವರು ತೆಗೆದುಕೊಂಡರು. ಒರೆಸಲು ಅವರ ಕೈ ಒದ್ದೆಯಾಗಿರಲಿಲ್ಲ. ಯಂತ್ರ ಮಾಡಿದಂದಿನಿಂದ ಹಳೆಯ ಕಡಲುಗಳಿಗೆಲ್ಲ ಕೈ ಅದ್ದಿದ್ದ ಅವರು, ತಮ್ಮ ಕಾಲೇಜು ದಿನಗಳ ಆ ಒಂದು ನೀರಿಗೆ ಮಾತ್ರ ಇನ್ನೂ ಕೈ ಹಾಕಿರಲಿಲ್ಲ.